ಭಾಗವತ ಇಲ್ಲದ ಆಟ

ಮೂಡಲಗಿ ಬಸ್‌ಸ್ಟ್ಯಾಂಡಿನಲ್ಲಿ ದೂರದ ಸಂಬಂಧದ ಕಾಕಾ ಒಬ್ಬರು ಸಿಕ್ಕರು.

"ಏನ್ ಕೆಲಸ ಹಿಡದಿಯೋ ತಮ್ಮಾ?"

"ಮಂದೀನ ನಗಸ್ತೇನ್ರಿ ಕಾಕಾ."

"ಅದಿರಲಿ, ಹೊಟ್ಟಿಗೆ?"

ಬೆಂಗಳೂರಿನ ಒಂದು ಕೆಫೆಯಲ್ಲಿ ನನ್ನ ಪಾಲಿಗೆ ಸಿಕ್ಕ ಐದು ನಿಮಿಷದಲ್ಲಿ ಇದನ್ನೇ ಹೇಳಿದೆ. ಕಾಕಾನ ಮಾತಿಗೆ ನಕ್ಕರು. ನಾನು ಬರೆದುಕೊಂಡು ಹೋಗಿದ್ದ ಉಳಿದ ಮಾತಿಗೆಲ್ಲ ಕಾಫಿ ಕುಡಿದರು. ಮೌನದ ರೂಢಿ ನನಗಿತ್ತು ಅನ್ನಿ. ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ಎದುರು ನಿಂತು ಜೋಕು ಒದರಿ ಕಲಿತವನು ನಾನು. ಘಟಪ್ರಭೆ 52 ಮೀಟರ್ ಮೇಲಿಂದ ಬೀಳುವಾಗ ನಮ್ಮ ಜೋಕು ನಮಗೇ ಕೇಳಿಸುವುದಿಲ್ಲ.

ಆದರೆ ಅಂದು ಒಂದು ಅನುಮಾನ ಹುಟ್ಟಿತು: ನಮ್ಮ ಕಡೆಯ ನಗೆಗೆ ಇಬ್ಬರು ಬೇಕೇನೋ.

ನಾನು ಬೆಳೆದದ್ದು ಕುಲಗೋಡದ ಆಸುಪಾಸು. ಅಪರಾಳ ತಮ್ಮಣ್ಣನ ಕೃಷ್ಣ ಪಾರಿಜಾತವನ್ನು ಊರೂರಿನ ಆಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣನ ಸೀಮೆ. ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಆ ಆಟಕ್ಕಿಳಿದು ಹೆಸರು ಮಾಡಿದ ನಿಂಗಮ್ಮನ ಕೌಜಲಗಿಯೂ ಇಲ್ಲೇ ಹತ್ತಿರ. ಪಾರಿಜಾತದ ಕಥೆ ಯಾರಿಗೆ ಗೊತ್ತಿಲ್ಲ? ಒಂದು ಹೂವು, ಇಬ್ಬರು ಹೆಂಡಿರು. ಮಂದಿ ಕಾಯುವುದು ಗೊಲ್ಲತಿ ಬಂದು, ಆಟ ನಡೆಸುವ ಭಾಗವತನ ಕೂಡ ಹೂಡುವ ಜಗಳಕ್ಕೆ. ಅವನು ಬೇಕೆಂದೇ ತಪ್ಪು ಕೇಳಿಸಿಕೊಳ್ಳುತ್ತಾನೆ. ಎಲ್ಲ ಬಲ್ಲವನು ದಡ್ಡನಾಗುತ್ತಾನೆ, ಅವಳ ಮಾತು ಹರಿತವಾಗಲಿ ಎಂದು. ನಡುವೆ ಯಾರಾದರೂ ಹನ್ನೊಂದು ರೂಪಾಯಿ ಆಯೇರಿ ಮಾಡಿದರೆ ಸತ್ಯಭಾಮೆಯ ಅಳುವನ್ನೂ ನಿಲ್ಲಿಸಿ ಅವರ ಹೆಸರು ಕೂಗಬೇಕು. ಅಷ್ಟೊತ್ತು ಆಕೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ನಿಂತಿರುತ್ತಿದ್ದಳು. ನನ್ನ ಪಾಲಿಗೆ ಇಡೀ ಆಟದ ದೊಡ್ಡ ನಗೆ ಅದು.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರೂ 'ಜೋಕುಮಾರಸ್ವಾಮಿ' ನಾಟಕದಲ್ಲಿ ಸೂತ್ರಧಾರನನ್ನು ಒಂಟಿ ಬಿಡಲಿಲ್ಲ, ಕೆಣಕಲು ಮೇಳ ಕೊಟ್ಟರು. ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶ ವೇದಿಕೆಯ ಮೇಲೆ ನಿಲ್ಲುವುದು ಒಬ್ಬರೇ ನಿಜ. ಆದರೆ ಕಿವಿಗೊಟ್ಟು ಕೇಳಿ, ಅವರ ಒಂದೇ ಗಂಟಲಲ್ಲಿ ಇಬ್ಬರು ಜಗಳಾಡುತ್ತಿರುತ್ತಾರೆ. ನನಗೆ ಆ ಗಂಟಲು ಇನ್ನೂ ಬಂದಿಲ್ಲ.

ಹೋದ ವರ್ಷ ಹುಕ್ಕೇರಿ ಕಡೆಯ ಒಂದು ಜಾತ್ರೆಗೆ ಕರೆದರು. ಆರ್ಕೆಸ್ಟ್ರಾದವರು ವೈರು ಜೋಡಿಸುವ ತನಕ ನನ್ನ ಹೊತ್ತು. ಮುಂದೆ ಕೂತ ಅಜ್ಜನೊಬ್ಬ ನನ್ನ ಪ್ರತಿ ಸಾಲಿಗೂ "ಹಂಗಾ?", "ಮತ್ತ?" ಅನ್ನುತ್ತಿದ್ದ. ಮೊದಲು ಸಿಟ್ಟು ಬಂತು. ಆಮೇಲೆ ನೋಡಿದರೆ, ಅವನು "ಮತ್ತ?" ಅಂದಲ್ಲೆಲ್ಲ ಮಂದಿ ನಗುತ್ತಿದ್ದಾರೆ. ಕಾಕಾನ ಕಥೆ ನಡುವಿಗೆ ಬಂದಾಗ ಅವನೇ ಎದ್ದು ಬಂದು ಇಪ್ಪತ್ತರ ನೋಟು ಹಿಡಿದು ನಿಂತ. ಹೆಸರು ಕೂಗುವ ತನಕ ಕದಲಲಿಲ್ಲ. ಕೂಗಿದೆ. ಚಪ್ಪಾಳೆ ಬಿತ್ತು. ತಿರುಗಿ ಮೈಕ್ ಹಿಡಿದರೆ ಎಲ್ಲಿದ್ದೆ ಅನ್ನುವುದೇ ಮರೆತುಹೋಗಿದೆ.

ಅಜ್ಜ ಕೂತಲ್ಲಿಂದಲೇ ಅಂದ: "ಹೊಟ್ಟಿಗೆ ಅಂದಾನಲ್ಲೋ ನಿಮ್ಮ ಕಾಕಾ. ಅಲ್ಲಿಂದ ಹಿಡಿ."