ತನಗೆ ತಾನೇ ಇಟ್ಟುಕೊಂಡ ವಾಯಿದೆ

ಮಿರಜದಿಂದ ಬೆಳಗಾವಿಯ ಕಡೆಗೆ ಹೊರಟ ರೈಲುಗಾಡಿ ಕರ್ನಾಟಕದ ಗಡಿಯನ್ನು ದಾಟಿದ ಬಳಿಕ ಶೇಡಬಾಳದ ನಿಲ್ದಾಣವನ್ನು ತಲುಪುತ್ತದೆ. ಗಾಡಿಗೆ ಒಂದು ವೇಳಾಪಟ್ಟಿ ಉಂಟು. ತಡವಾದರೆ ಕೇಳುವವರು ನಿಲ್ದಾಣದ ತುಂಬ ಇರುತ್ತಾರೆ. ಊರಿನ ಹೊಲಗಳಲ್ಲಿ ಕಡಿದ ಕಬ್ಬಿಗೂ ವಾಯಿದೆ ಉಂಟು. ಉಗಾರದ ಸಕ್ಕರೆ ಕಾರಖಾನೆಯನ್ನು ಅದು ಬೇಗ ಸೇರದಿದ್ದರೆ ಬಿಸಿಲಿಗೆ ಒಣಗಿ ತೂಕವೂ ಕಡಿಮೆಯಾಗುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಸಾಲದ ಕಂತಿಗೆ ವಾಯಿದೆ, ಶಾಲೆಯ ಪರೀಕ್ಷೆಗೆ ವಾಯಿದೆ. ಇವೆಲ್ಲವೂ ಹೊರಗಿನವರು ಹಾಕಿದ ಗಡುವುಗಳು. ಆದರೆ "ಬರುವ ದೀಪಾವಳಿಯೊಳಗೆ ಈ ಕಥೆಯನ್ನು ಮುಗಿಸುತ್ತೇನೆ" ಎಂದು ಒಬ್ಬನು ಮನಸ್ಸಿನಲ್ಲಿಯೇ ನಿಶ್ಚಯಿಸಿಕೊಂಡರೆ ಅದನ್ನು ವಸೂಲು ಮಾಡುವವರು ಯಾರು? ಅಲ್ಲಿ ಸಾಲಗಾರನೂ ಸಾಹುಕಾರನೂ ಒಬ್ಬನೇ. ಆದ್ದರಿಂದಲೇ ಅಂಥ ವಾಯಿದೆಯಷ್ಟು ಸುಲಭವಾಗಿ ಮುಂದಕ್ಕೆ ಹೋಗುವುದು ಬೇರೊಂದಿಲ್ಲ.

ಈ ಮಾತಿಗೆ ಶೇಡಬಾಳವೇ ತಕ್ಕ ಸ್ಥಳ. ಇಂದು ಕಾಗವಾಡ ತಾಲ್ಲೂಕಿಗೆ ಸೇರಿರುವ ಈ ಊರಿನಲ್ಲಿ 1918ರಲ್ಲಿ ಮಿರ್ಜಿ ಅಣ್ಣಾರಾಯರು ಹುಟ್ಟಿದರು. ಅವರು ವೃತ್ತಿಯಿಂದ ಪ್ರಾಥಮಿಕ ಶಾಲೆಯ ಶಿಕ್ಷಕರು. ಗಡಿನಾಡಿನ ಹಳ್ಳಿಯ ಬಾಳನ್ನು ಚಿತ್ರಿಸಿದ 'ನಿಸರ್ಗ', ಆಮೇಲೆ 'ರಾಷ್ಟ್ರಪುರುಷ', 'ಅಶೋಕಚಕ್ರ' ಮೊದಲಾದ ಕಾದಂಬರಿಗಳು, ಇವುಗಳ ಜೊತೆಗೆ 'ಜೈನಧರ್ಮ'ವೆಂಬ ಶಾಸ್ತ್ರೀಯ ಗ್ರಂಥ ಅವರ ಲೇಖನಿಯಿಂದ ಬಂದವು. 1975ರಲ್ಲಿ ತೀರಿಕೊಂಡಾಗ ಅವರ ವಯಸ್ಸು ಐವತ್ತೇಳು. "ನಿವೃತ್ತಿಯಾಗಲಿ, ಆಮೇಲೆ ನೆಮ್ಮದಿಯಾಗಿ ಬರೆಯೋಣ" ಎಂದು ಅವರು ಕಾದಿದ್ದರೆ ಕನ್ನಡಕ್ಕೆ 'ನಿಸರ್ಗ' ಸಿಗುತ್ತಿತ್ತೇ ಎಂಬುದು ಸಂದೇಹ.

ಶಿಕ್ಷಕನ ದಿನವು ಅವನದಲ್ಲ. ಗಂಟೆ ಬಾರಿಸಿದ ಹೊತ್ತಿನಿಂದ ಮಕ್ಕಳ ಗದ್ದಲ, ಪಾಠ, ಹಾಜರಿಪುಸ್ತಕ, ತಿದ್ದಬೇಕಾದ ಪಾಟಿಗಳು. ಸಂಜೆ ಮನೆಗೆ ಬಂದವನಿಗೆ ರಾತ್ರಿ ಮೂರು ತಾಸು ಬಿಡುವಿದೆಯೆಂದು ಗಡಿಯಾರ ಹೇಳಬಹುದು. ದೇಹ ಬೇರೆಯೇ ಲೆಕ್ಕವನ್ನು ಹೇಳುತ್ತದೆ. ಬರೆಯಲು ಕುಳಿತವನ ಕಣ್ಣು ಎಳೆಯುತ್ತದೆ, ಅರ್ಧ ಪುಟ ಮುಗಿಯುವುದರೊಳಗೆ ಲೇಖನಿ ಕೈಯಿಂದ ಜಾರುತ್ತದೆ. ವೇಳೆ ಇದ್ದೂ ಕಸುವು ಇಲ್ಲದ ಸ್ಥಿತಿ ಇದು. ಕೆಲಸ ಮುಂದೆ ಸಾಗದಾಗ ನಾವು ವೇಳೆ ಸಾಲದೆಂದು ದೂರುತ್ತೇವೆ. ಎಷ್ಟೋ ಸಲ ಸಾಲದೆ ಹೋಗುವುದು ವೇಳೆಯಲ್ಲ.

ಈ ಸಂಗತಿಯನ್ನು ಒಕ್ಕಲಿಗನು ಲೇಖಕನಿಗಿಂತ ಚೆನ್ನಾಗಿ ಬಲ್ಲ. ಬೇಸಗೆಯಲ್ಲಿ ಅವನು ನಸುಕಿನಲ್ಲಿಯೇ ನೇಗಿಲು ಹೂಡುತ್ತಾನೆ. ಬಿಸಿಲು ಏರಿದೊಡನೆ ಎತ್ತುಗಳ ಕೊರಳಿನಿಂದ ನೊಗವನ್ನು ಇಳಿಸುತ್ತಾನೆ. ಇನ್ನೆರಡು ಸಾಲು ಉಳಿಯಿತೆಂದು ಎತ್ತನ್ನು ಬಡಿದರೆ ಮರುದಿನ ಹತ್ತು ಸಾಲಿನ ಕೆಲಸ ಕೆಡುತ್ತದೆಂಬುದು ಅವನಿಗೆ ಗೊತ್ತು. ಹಾಗೆಂದು ಮಧ್ಯಾಹ್ನವೆಲ್ಲ ಅವನು ಸುಮ್ಮನೆ ಕುಳಿತಿರುವುದಿಲ್ಲ. ಹಗ್ಗ ಹೊಸೆಯುವುದು, ಕುಡುಗೋಲು ಹದಮಾಡುವುದು, ಬೀಜ ಆರಿಸುವುದು ಮುಂತಾದ ಕೆಲಸಗಳನ್ನು ನೆರಳಿನಲ್ಲಿ ಕುಳಿತು ಮಾಡುತ್ತಾನೆ.

ಬರವಣಿಗೆಯಲ್ಲಿಯೂ ಹೊಲದ ಕೆಲಸವಿದೆ, ನೆರಳಿನ ಕೆಲಸವಿದೆ. ಕಾದಂಬರಿಯ ಹೊಸ ಪ್ರಕರಣವನ್ನು ಹುಟ್ಟಿಸಲು ಮನಸ್ಸಿನ ಅತ್ಯುತ್ತಮ ಗಳಿಗೆ ಬೇಕು. ಅದನ್ನು ಒಂದು ತಿಂಗಳು ಬಿಟ್ಟುಬಿಟ್ಟರೆ ತಾನೇ ಸೃಷ್ಟಿಸಿದ ಪಾತ್ರಗಳು ಪರವೂರಿನ ನೆಂಟರಂತೆ ಅಪರಿಚಿತವಾಗುತ್ತವೆ. ಟಿಪ್ಪಣಿಗಳನ್ನು ಜೋಡಿಸುವುದು, ಕಾಗುಣಿತ ತಿದ್ದುವುದು, ಶುದ್ಧಪ್ರತಿ ತೆಗೆಯುವುದು ಇವೆಲ್ಲ ದಣಿದ ಸಂಜೆಗೂ ಒಗ್ಗುವ ಕೆಲಸಗಳು. ಎಷ್ಟೋ ಜನ ಬೆಳಗಿನ ಹೊಸ ಕಸುವನ್ನು ಪತ್ರಗಳಿಗೆ ಉತ್ತರ ಬರೆಯುವುದರಲ್ಲಿ ಖರ್ಚುಮಾಡಿ, ಕಥೆಯನ್ನು ರಾತ್ರಿಯ ತೂಕಡಿಕೆಗೆ ಒಪ್ಪಿಸುತ್ತಾರೆ.

ಇಂಗ್ಲೆಂಡಿನ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ಅಧಿಕಾರಿಯಾಗಿದ್ದುಕೊಂಡೇ ಕಾದಂಬರಿಗಳನ್ನು ಬರೆದವನು. ಬೆಳಗಿನ ಐದೂವರೆಗೆ ಅವನು ಮೇಜಿನ ಮುಂದೆ ಇರಬೇಕು. ಎಬ್ಬಿಸಿ ಕಾಫಿ ಕೊಡುವುದಕ್ಕೆಂದೇ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚು ಸಂಬಳ. ಹಿಂದಿನ ದಿನ ಬರೆದುದನ್ನು ಮೊದಲ ಅರ್ಧ ತಾಸು ಓದಿ, ಬಳಿಕ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ತಾಸಿಗೆ 250 ಪದಗಳಂತೆ ಬರೆಯುತ್ತಿದ್ದನು. ಇಲಾಖೆಯ ಕೆಲಸಕ್ಕಾಗಿ ರೈಲಿನಲ್ಲಿ ತಿರುಗಬೇಕಾದಾಗ ತೊಡೆಯ ಮೇಲೆ ಹಲಗೆಯಿಟ್ಟು ಸೀಸದಕಡ್ಡಿಯಿಂದ ಬರೆದನು. ದಿನದಿನದ ಪುಟಗಳ ಲೆಕ್ಕಕ್ಕೆ ಒಂದು ದಿನಚರಿ ಇತ್ತು. ಸೋಮಾರಿಯಾದ ದಿನಗಳು ಅದರಲ್ಲಿ ಬರಿದಾಗಿ ನಿಂತು ಅವನ ಮುಖವನ್ನೇ ನೋಡುತ್ತಿದ್ದವು. ಅವನ ಮರಣಾನಂತರ 1883ರಲ್ಲಿ ಆತ್ಮಕಥೆ ಪ್ರಕಟವಾದಾಗ, ಇದು ಕಲೆಯೋ ಚಮ್ಮಾರಿಕೆಯೋ ಎಂದು ಮೂಗು ಮುರಿದವರುಂಟು. ಚಮ್ಮಾರಿಕೆಯೂ ಕಲೆಯೇ ಎಂಬುದು ಅವರಿಗೆ ಹೊಳೆಯಲಿಲ್ಲ. ಆದರೂ ಅಷ್ಟು ಬಿಗಿಯಾದ ಗಡಿಯಾರ ಎಲ್ಲರ ಕೈಗೂ ಒಗ್ಗದು.

ನಮ್ಮ ಗಳಗನಾಥರು ಇನ್ನೊಂದು ಉಪಾಯವನ್ನು ಹಿಡಿದರು. ಅವರೂ ಮೊದಲು ಶಿಕ್ಷಕರಾಗಿದ್ದವರೇ. 1907ರಲ್ಲಿ ಆರಂಭವಾದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯಲ್ಲಿ ಅವರ ಕಾದಂಬರಿಗಳು ಕಂತುಕಂತಾಗಿ ಬಂದವು. ಮುಂದಿನ ಸಂಚಿಕೆಗೆ ಓದುಗರು ಕಾಯುತ್ತಿರುವಾಗ ಲೇಖಕನು ಮನಸ್ಸಿನಲ್ಲಿಯೇ ಇಟ್ಟುಕೊಂಡ ವಾಯಿದೆ ನಾಲ್ಕು ಜನರ ಮುಂದೆ ಆಡಿದ ಮಾತಾಗುತ್ತದೆ. ಸಾಹುಕಾರನು ಮನೆಯಿಂದ ಹೊರಗೆ ಬಂದು ಕುಳಿತಂತೆ. ಹೀಗೆ ಬರೆದ ಪುಸ್ತಕಗಳನ್ನು ಅವರು ಬೆನ್ನಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಕನ್ನಡಿಗರೆಲ್ಲ ಬಲ್ಲ ಸಂಗತಿ.

ಕುವೆಂಪು ಅವರು ಅಧ್ಯಾಪಕರಾಗಿದ್ದು 'ಶ್ರೀ ರಾಮಾಯಣ ದರ್ಶನಂ' ರಚಿಸಲು ಒಂಬತ್ತು ವರ್ಷ ಹಿಡಿಯಿತು. ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕ ಸಾಲುಗಳ ಕಾವ್ಯ ಅದು. ಆ ವರ್ಷಗಳ ದಿನಗಳಿಗೆ ಹಂಚಿ ನೋಡಿದರೆ ದಿನಕ್ಕೆ ಏಳು ಸಾಲುಗಳೂ ಬೀಳುವುದಿಲ್ಲ! ಕವಿ ಹಾಗೆ ಅಳೆದು ಬರೆಯುವುದಿಲ್ಲ, ನಿಜ. ಸ್ಫೂರ್ತಿ ಬಂದ ದಿನ ನೂರು ಸಾಲು ಹರಿಯಬಹುದು, ಬಾರದ ದಿನ ಒಂದೂ ಇಲ್ಲದಿರಬಹುದು. ಆದರೆ ಮಹಾಕಾವ್ಯವೆಂಬ ಹೆಸರು ಕೇಳಿಯೇ ಎದೆಗುಂದುವವನಿಗೆ ಏಳು ಸಾಲೆಂಬ ಲೆಕ್ಕ ಧೈರ್ಯವನ್ನು ಕೊಡುತ್ತದೆ.

ಎಷ್ಟು ಎಚ್ಚರವಾಗಿದ್ದರೂ ವಾಯಿದೆ ತಪ್ಪುವುದುಂಟು. ಮನೆಯಲ್ಲಿ ಕಾಯಿಲೆ ಬರುತ್ತದೆ, ಸುಗ್ಗಿ ಬರುತ್ತದೆ, ನೆಂಟರು ಬರುತ್ತಾರೆ. ಆಗ ಕೆಲವರು ನಾಚಿಕೆಯಿಂದ ಕೈಬರಹದ ಕಟ್ಟನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿಬಿಡುತ್ತಾರೆ. ಎಷ್ಟೋ ಪುಸ್ತಕಗಳು ಹುಟ್ಟದೆ ಹೋಗುವುದು ಆ ನಾಚಿಕೆಯಿಂದ, ತಡವಾದುದರಿಂದಲ್ಲ. ಇನ್ನು ಕೆಲವರು ಮೊದಲ ಹಾಳೆಯ ಮೇಲಿನ 'ದೀಪಾವಳಿ' ಎಂಬುದನ್ನು ಹೊಡೆದುಹಾಕಿ, ಅದರ ಕೆಳಗೆ 'ಸಂಕ್ರಾಂತಿ' ಎಂದು ಬರೆಯುತ್ತಾರೆ. ಅದೂ ತಪ್ಪಿದರೆ 'ಯುಗಾದಿ'. ಬಳಿಕ ದೀಪವನ್ನು ಆರಿಸಿ ಮಲಗುತ್ತಾರೆ, ನಸುಕಿನಲ್ಲಿ ಏಳಬೇಕಲ್ಲ. ಶಾಲೆಯ ಗಂಟೆಗೆ ಇನ್ನೂ ಎರಡು ತಾಸು ಇರುವಾಗ, ಊರಿನ ಎತ್ತುಗಳು ಹೊಲದ ದಾರಿ ಹಿಡಿಯುವ ಹೊತ್ತಿಗೆ, ಅದೇ ಹಾಳೆ ಮತ್ತೆ ತೆರೆದಿರುತ್ತದೆ.