ಒಂದೇ ಗೋಲು, ಪೂರ್ತಿ 3 ಪಾಯಿಂಟ್

ನಿನ್ನೆ, 2024ರ ಸೆಪ್ಟೆಂಬರ್ 14, ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ 1, ಈಸ್ಟ್ ಬೆಂಗಾಲ್ 0. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ 2024-25ರಲ್ಲಿ ನಮ್ಮ ಮೊದಲ ಪಂದ್ಯ. ನಮ್ಮೂರು ದಿಬ್ಬೂರಹಳ್ಳಿಯಲ್ಲಿ ಕ್ರಿಕೆಟ್ ಬಿಟ್ಟು ಫುಟ್‌ಬಾಲ್ ನೋಡೋರು ಕಡಿಮೆ. ನೋಡೋ ನಾವು ಕೆಲವರು ಮಾತ್ರ ಬೆಳಗ್ಗೆಯಿಂದ ಇದನ್ನೇ ಮಾತಾಡ್ತಿದ್ದೀವಿ.

"ಒಂದೇ ಗೋಲಾ? ಹಿಂಗಾಡಿದ್ರೆ ಮುಂದೆ ಕಷ್ಟ ಕಣೋ" ಅಂದ ಗೆಳೆಯ. ಎರಡನೇ ಗೋಲು ಬರದೆ ಕೊನೆವರೆಗೂ ನನ್ನ ಎದೆಯೂ ಡವಡವ ಅಂತಿತ್ತು, ನಿಜ. ಆದರೆ ಹೋದ ಸೀಸನ್‌ನಲ್ಲಿ 12 ತಂಡಗಳಲ್ಲಿ 10ನೇ ಸ್ಥಾನಕ್ಕೆ ಇಳಿದವರು ನಾವು. ಆ ನೋವು ಉಂಡವರಿಗೆ ಗೋಲು ಬಿಟ್ಟುಕೊಡದೆ ಗೆಲ್ಲೋದು ಸಣ್ಣ ವಿಷಯ ಅಲ್ಲ.

ಅದಕ್ಕಿಂತ ಖುಷಿ, 25ನೇ ನಿಮಿಷದ ಆ ಗೋಲು ಹೊಡೆದದ್ದು 19 ವರ್ಷದ ವಿನಿತ್ ವೆಂಕಟೇಶ್, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹುಡುಗ. ನಮ್ಮ ಸ್ಟ್ರೈಕರ್ ಸುನಿಲ್ ಛೆಟ್ರಿಗೆ ಕಳೆದ ತಿಂಗಳು 40 ತುಂಬಿತು. 2013ರಿಂದ ಗೋಲಿನ ಭಾರವೆಲ್ಲ ಅವರ ಹೆಗಲ ಮೇಲೇ ಹಾಕಿ ಕೂತಿದ್ದೀವಿ. ಇನ್ನು ವಿನಿತ್‌ನಂಥವರನ್ನ ಬಿಡದೆ ಆಡಿಸಬೇಕು, ಒಂದೆರಡು ಪಂದ್ಯ ಎಡವಿದರೂ ಸರಿ.

ಮುಂದಿನ ಪಂದ್ಯಕ್ಕೆ ಇದೇ ಸೆಪ್ಟೆಂಬರ್ 19ಕ್ಕೆ ಹೈದರಾಬಾದ್ ಎಫ್‌ಸಿ ಕಂಠೀರವಕ್ಕೇ ಬರುತ್ತೆ. ಅವತ್ತು ಎರಡನೇ ಗೋಲು ಬೇಗ ಬರಲಪ್ಪ!