ಮೊದಲು ವಾದ, ಕಡೆಗೆ ಕಾಗುಣಿತ

ಈಗಷ್ಟೇ ಎಂ.ಎ. ವಿದ್ಯಾರ್ಥಿನಿಯೊಬ್ಬಳ ಸಂಶೋಧನಾ ಪ್ರಬಂಧ ಓದಿ ಕೆಳಗಿಟ್ಟೆ. ಕಾಗುಣಿತ ಅಚ್ಚುಕಟ್ಟು, ಅಡಿಟಿಪ್ಪಣಿಗಳೂ ಸರಿಯಾಗಿವೆ. ಆದರೆ ಪೀಠಿಕೆಯಲ್ಲಿ ಎತ್ತಿದ ಪ್ರಶ್ನೆಗೆ ಉಪಸಂಹಾರದಲ್ಲಿ ಉತ್ತರವೇ ಇಲ್ಲ!

ನಮ್ಮ ಹುಡುಗರು ತಿದ್ದುವ ಕೆಲಸವನ್ನು ಬಾಲದ ಕಡೆಯಿಂದ ಶುರು ಮಾಡುತ್ತಿದ್ದಾರೆ ಅನ್ನಿಸಿತು. ಮೊದಲು ನೋಡಬೇಕಾದ್ದು ವಾದ. ಈ ಅಧ್ಯಾಯ ಯಾಕಿದೆ, ಹೇಳಿದ ಮಾತಿಗೆ ಆಧಾರ ಎಲ್ಲಿದೆ? ಅದಾದ ಮೇಲೆ ವಾಕ್ಯಗಳು. ಕರಡು ತಿದ್ದುವುದು ಕಟ್ಟಕಡೆಗೆ. ನುಡಿ ತಂತ್ರಾಂಶದ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸಿದಾಗ ಕೆಟ್ಟ ಅರ್ಕಾವತ್ತು, ಒತ್ತಕ್ಷರಗಳನ್ನೆಲ್ಲ ಆಗ ಸರಿಮಾಡಿದರಾಯಿತು. ನಾಳೆ ಕಿತ್ತುಹಾಕಬೇಕಾದ ಪ್ಯಾರಾದ ದೀರ್ಘ ತಿದ್ದಿ ಏನು ಫಲ?

ಇದರ ಜೊತೆಗೆ ಶೇಕಡಾವಾರಿನ ಭಯ ಬೇರೆ. ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮದಲ್ಲಿ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10ರವರೆಗಿದ್ದರೆ ದಂಡನೆ ಇಲ್ಲ. ಆ ಅಂಕಿ ಇಳಿಸಲೆಂದೇ ಎಷ್ಟೋ ಮಕ್ಕಳು ಸರಿಯಾದ ಪದ ತೆಗೆದು ಅರ್ಥ ಕೆಡಿಸುವ ಪದ ಹಾಕುತ್ತಾರೆ. ಆಕರ ಸೂಚಿಸಿ ಉದ್ಧರಿಸಿದ ಭಾಗವನ್ನು, ಗ್ರಂಥಸೂಚಿಯನ್ನು ಲೆಕ್ಕದಿಂದ ಹೊರಗಿಡಬೇಕು ಅಂತ ಅದೇ ನಿಯಮ ಹೇಳುತ್ತದೆ. ಇದನ್ನು ಅವರಿಗೆ ಯಾರೂ ಹೇಳಿಯೇ ಇರುವುದಿಲ್ಲ. ಪದ ಬದಲಿಸಿದರೆ ಹೋಲಿಕೆ ಹುಡುಕುವ ಯಂತ್ರ ಸುಮ್ಮನಾಗಬಹುದು, ಆದರೆ ಕದ್ದ ವಿಚಾರ ಕದ್ದದ್ದೇ. ಹೆಸರು ಹೇಳಿ ಉದ್ಧರಿಸುವುದರಲ್ಲಿ ಯಾವ ನಾಚಿಕೆಯೂ ಇಲ್ಲ.

ಮಾರ್ಗದರ್ಶಕರಾಗಿರುವ ಗೆಳೆಯರೇ, ಮೊದಲ ಕರಡು ಕೈಗೆ ಬಂದಾಗ ದಯವಿಟ್ಟು ಕೆಂಪು ಪೆನ್ನು ಪಕ್ಕಕ್ಕಿಡಿ. "ನಿನ್ನ ವಾದ ಏನು, ಎರಡು ವಾಕ್ಯದಲ್ಲಿ ಹೇಳಮ್ಮ" ಅಂತ ಕೇಳಿ. ನೀವು ಹೇಗೆ ತಿದ್ದಿಸುತ್ತೀರಿ? ಕಾಮೆಂಟಿನಲ್ಲಿ ಬರೆಯಿರಿ, ಮಕ್ಕಳಿಗೂ ಉಪಯೋಗವಾಗುತ್ತದೆ.